ಕೊಡಗಿನ ಮಳೆ: ಎಷ್ಟು ಬಿತ್ತು? ಯಾವಾಗ ಬಿತ್ತು?

[ದೃಶ್ಯ: ಬೆಳಗಿನ ಹೊತ್ತು, ಕಾಫಿ ಕಣದ ಅಂಚಿನಲ್ಲಿ ಮಳೆಮಾಪಕ. ಒಂದು ಕೈ ಅದರ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿಯುತ್ತದೆ.]

ನಿರೂಪಣೆ: ನಮಸ್ಕಾರ. ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ದಿನ ಶುರುವಾಗುವುದೇ ಹೀಗೆ. ಹಿಂದಿನ ದಿನ ಬಿದ್ದ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಬೆಳೆಗಾರರ ಲೆಕ್ಕ ಇಂದಿಗೂ ಇಂಚು ಮತ್ತು ಸೆಂಟ್ಸ್. ಇಂಚಿನ ನೂರನೆಯ ಒಂದು ಭಾಗವೇ ಒಂದು ಸೆಂಟ್. 1.20 ಎಂದು ಬರೆದಿದ್ದರೆ ಒಂದು ಇಂಚು ಇಪ್ಪತ್ತು ಸೆಂಟ್ಸ್, ಅಂದರೆ ಸುಮಾರು 30 ಮಿಲಿಮೀಟರ್. ಆ ಅಂಕಿಯ ಪಕ್ಕದಲ್ಲಿರುವ ತಾರೀಕನ್ನು ಗಮನಿಸಿ. ಈ ವಿಡಿಯೋ ಆ ತಾರೀಕಿನ ಬಗ್ಗೆ.

[ದೃಶ್ಯ: ಜಿಲ್ಲೆಯ ನಕ್ಷೆ]

ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ವರ್ಷದ ಸರಾಸರಿ ಮಳೆ 3,000 ಮಿಲಿಮೀಟರ್ ದಾಟುತ್ತದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರ ತಲುಪಿದರೆ ಅದರ ಅರ್ಧದಷ್ಟೂ ಮಳೆಯಿಲ್ಲ. ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಘಟ್ಟ ಹತ್ತುತ್ತ ತಣ್ಣಗಾಗಿ, ತಲಕಾವೇರಿ, ಭಾಗಮಂಡಲದ ಕಡೆ ಧಾರಾಕಾರವಾಗಿ ಸುರಿದು, ಪೂರ್ವಕ್ಕೆ ಬರುವಷ್ಟರಲ್ಲಿ ಬಡವಾಗಿರುತ್ತದೆ.

ಉಷ್ಣಾಂಶದ ಕತೆ ಚಿಕ್ಕದು. ಜುಲೈಯಲ್ಲಿ ಮೋಡ ಮುಚ್ಚಿರುವುದರಿಂದ ಮಡಿಕೇರಿಯ ಹಗಲಿಗೂ ರಾತ್ರಿಗೂ ಕೆಲವೇ ಡಿಗ್ರಿ ಅಂತರ. ಜನವರಿಯ ತಿಳಿ ಆಕಾಶದಲ್ಲಿ ಆ ಅಂತರ ಹತ್ತು ಡಿಗ್ರಿಯ ಆಸುಪಾಸಿಗೆ ಹಿಗ್ಗುತ್ತದೆ.

[ದೃಶ್ಯ: ರೋಬಸ್ಟಾ ಕಾಫಿ ಗಿಡದ ರೆಂಬೆಯಲ್ಲಿ ಹಸಿರು ಮೊಗ್ಗುಗಳು]

ಈ ಮೊಗ್ಗುಗಳನ್ನು ಹತ್ತಿರದಿಂದ ನೋಡಿ. ಫೆಬ್ರವರಿ, ಮಾರ್ಚ್‌ನ ಬಿಸಿಲಿನಲ್ಲಿ ಇವು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತವೆ. ಒಂದು ಇಂಚಿನಷ್ಟು ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಬರುತ್ತದೆ. ಹತ್ತು ಸೆಂಟ್ಸ್ ಬಿದ್ದು ನಿಂತರೆ ಹೂವು ಅರೆಬರೆ. ಅರಳಿದ ದಿನವೇ ಜೋರು ಮಳೆ ಬಂದರೆ ಪರಾಗ ತೊಳೆದುಹೋಗಿ ಕಾಯಿ ಕಚ್ಚುವುದಿಲ್ಲ. ಹೂವಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕಿಸುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಆಗಸ್ಟ್‌ನಲ್ಲಿ ನೂರು ಇಂಚು ಸುರಿದರೂ ಮಾರ್ಚ್‌ನ ಆ ಒಂದು ಇಂಚಿಗೆ ಅದು ಬದಲಿಯಾಗದು. ವಾರ್ಷಿಕ ಸರಾಸರಿಯಲ್ಲಿ ಮಾತ್ರ ಎರಡೂ ಒಂದೇ ಮೊತ್ತಕ್ಕೆ ಸೇರಿಹೋಗುತ್ತವೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ‘ಈ ಸಲ ವಾಡಿಕೆ ಮಳೆ’ ಎಂಬ ಒಂದು ಸಾಲಿನ ಹಿಂದೆ ಹಾಳಾದ ಫಸಲು ಕಾಣದೇ ಹೋಗುತ್ತದೆ.

2021ರ ಜನವರಿಯನ್ನು ನೆನಪಿಸಿಕೊಳ್ಳಿ. ಕೊಯ್ದ ಕಾಫಿ ಕಣದಲ್ಲಿ ಒಣಗುತ್ತಿದ್ದ ಹೊತ್ತಿಗೆ ಅಕಾಲಿಕ ಮಳೆ. ಟಾರ್ಪಾಲು ಹೊದಿಸಿದರೂ ಒಳಗೆ ಬೆವರಿದ ಕಾಯಿಗೆ ಬೂಷ್ಟು ಹಿಡಿಯುತ್ತದೆ.

[ದೃಶ್ಯ: ಕುಸಿದ ಬೆಟ್ಟದ ಕೆಂಪು ಗಾಯ. ಹಿನ್ನೆಲೆ ಸಂಗೀತ ಬೇಡ.]

2018ರ ಆಗಸ್ಟ್. ಜೂನ್‌ನಿಂದ ನೆನೆದು ಭಾರವಾಗಿದ್ದ ಮಣ್ಣಿನ ಮೇಲೆ ಕೆಲವೇ ದಿನಗಳಲ್ಲಿ ವಿಪರೀತ ಮಳೆಯಾಯಿತು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದವು. ಮನೆಗೆ, ರಸ್ತೆಗೆ ಇಳಿಜಾರು ಕಡಿದದ್ದೂ ಮಣ್ಣನ್ನು ಸಡಿಲಗೊಳಿಸಿತ್ತು. ಎರಡು ವರ್ಷದ ನಂತರ, ಅದೇ ಆಗಸ್ಟ್‌ನಲ್ಲಿ, ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆ ಮಣ್ಣಿನಡಿ ಸೇರಿತು. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿಲಿಮೀಟರ್ ಮೀರಿದ ಮಳೆಯನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಇಂಚಿನಲ್ಲಿ ಎಂಟು. ಅದು ಒಣ ನೆಲದ ಮೇಲೆ ಬೀಳುವುದೇ ಬೇರೆ, ಎರಡು ತಿಂಗಳು ನೆನೆದ ಬೆಟ್ಟದ ಮೇಲೆ ಬೀಳುವುದೇ ಬೇರೆ.

[ದೃಶ್ಯ: ಅಂಚು ಹರಿದ ಹಳೆಯ ಮಳೆಪುಸ್ತಕ, ಪುಟ ತಿರುವುವ ಕೈ]

ಅಜ್ಜನ ಕಾಲದ ಇಂಥ ಪುಸ್ತಕ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಗೆದ್ದಲು ಹಿಡಿಯುವ ಮೊದಲೇ ಒಂದೊಂದು ಪುಟದ ಫೋಟೋ ತೆಗೆದಿಡಿ, ತಾರೀಕು ಸ್ಪಷ್ಟವಾಗಿ ಕಾಣುವಂತೆ.