ಯಾರ ಮುಂದೂ ಹೇಳಬ್ಯಾಡ

ಕೇಳುಗರೇ, ನಮಸ್ಕಾರ. ಕಳೆದ ಬೇಸಿಗೆಯಲ್ಲಿ, ಬ್ಯಾಡಗಿಯ ಆಸುಪಾಸಿನ ನಮ್ಮ ಹಳ್ಳಿಯಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ ಒಂದೇ ತರಗತಿಯಲ್ಲಿ ಕಲಿತ ನಾವು ಹದಿನೇಳು ಜನ ಕೂಡಿದ್ದೆವು. ಊಟ ಮುಗಿದು ಎಲೆಅಡಿಕೆಯ ತಟ್ಟೆ ಬರುವ ಹೊತ್ತಿಗೆ ಮಾತು ತಾನಾಗಿಯೇ ನಮ್ಮ ಗಣಿತದ ಮಾಸ್ತರರ ಕಡೆಗೆ ಹೊರಳಿತು. ಅವರು ತೀರಿಕೊಂಡು ಹಲವು ವರ್ಷಗಳಾದರೂ, ಹೆಸರು ಕೇಳಿದೊಡನೆ ಇಬ್ಬರು ಅಂಗೈ ಉಜ್ಜಿಕೊಂಡರು.

ಹೊಡೆಯಲು ಬೇಕಾದ ಹುಣಸೆಯ ಬರಲನ್ನು ಅವರು ನಮ್ಮಿಂದಲೇ ಮುರಿಸಿ ತರಿಸುತ್ತಿದ್ದರು. ತೆಳ್ಳಗಿನದನ್ನು ಆರಿಸಿ ತಂದ ಜಾಣನಿಗೇ ಮೊದಲ ಏಟು. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಬಂದು ಎರಡು ದಶಕಗಳು ಕಳೆದಿದ್ದರೂ ಅವರ ತರಗತಿಯಲ್ಲಿ ಸವಾಯಿ, ದೀಡಕಿ, ಅಂದರೆ ಒಂದೂಕಾಲು, ಒಂದೂವರೆಯ ಮಗ್ಗಿಗಳಿಗೆ ವಿನಾಯಿತಿ ಇರಲಿಲ್ಲ. ಆಕಾಶವಾಣಿಯ ಇದೇ ಧಾರವಾಡ ನಿಲಯದಿಂದ ಕೇಳಿ ಬರೆದುಕೊಂಡ ಪೇಟೆ ಧಾರಣೆಯನ್ನು ಮರುದಿನ ಬೆಳಿಗ್ಗೆ ಕರಿಹಲಗೆಯ ಮೇಲೆ ಬರೆದು, ಇಷ್ಟು ಚೀಲ ಮೆಣಸಿನಕಾಯಿಗೆ ಎಷ್ಟು ಹಣ ಎಂದು ಬಾಯಿಲೆಕ್ಕ ಕೇಳುತ್ತಿದ್ದರು. ಉತ್ತರ ತಡವಾದರೆ, ಅದು ಸರಿಯಿದ್ದರೂ, ತಪ್ಪೇ.

ಅಂದು ಮೊದಲು ಬಾಯಿ ಬಿಟ್ಟವನು ಊರಿನಲ್ಲಿಯೇ ಒಕ್ಕಲುತನ ಮಾಡಿಕೊಂಡಿರುವ ಗೆಳೆಯ. ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಎಂಟು ದಿನ ಶಾಲೆ ತಪ್ಪಿಸಿದ್ದಕ್ಕೆ ಅವನು ಎಲ್ಲರೆದುರು ಏಟು ತಿಂದದ್ದು ನಮಗೂ ನೆನಪಿತ್ತು. ಆದರೆ ಅದೇ ಸಂಜೆ ಮಾಸ್ತರರು ಅವನನ್ನು ಮನೆಗೆ ಕರೆದು, ಅವನ ತಂದೆಗೆ ದಲಾಲಿ ಅಂಗಡಿಯವರು ಕೊಟ್ಟಿದ್ದ ಪಟ್ಟಿಯನ್ನು ತರಿಸಿ, ತೂಕ, ಧಾರಣೆ, ಹಮಾಲಿ, ದಲಾಲಿ ಎಲ್ಲವನ್ನೂ ಅವನ ಕೈಯಿಂದಲೇ ಕೂಡಿಸಿ ಕಳೆಯಿಸಿದ್ದು ನಮಗೆ ಗೊತ್ತಿರಲಿಲ್ಲ. ಲೆಕ್ಕದಲ್ಲಿ ಹನ್ನೊಂದು ರೂಪಾಯಿ ಕಡಿಮೆ ಬಂದಿತ್ತು. ಮರುದಿನ ತಂದೆ ಮಗ ಇಬ್ಬರನ್ನೂ ಅಂಗಡಿಗೆ ಕಳಿಸಿ, ತಾವು ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದರಂತೆ. ಹಣ ಕೈಗೆ ಬಂದ ಮೇಲೆ ಹುಡುಗನ ಕಿವಿ ಹಿಡಿದು ಹೇಳಿದ್ದು ಇಷ್ಟೇ: "ನಾ ಬಂದಿದ್ದು ಯಾರ ಮುಂದೂ ಹೇಳಬ್ಯಾಡ. ಹೇಳಿದಿ ಅಂದ್ರ ಹತ್ತು ಏಟು ಹೆಚ್ಚಿಗಿ ಬೀಳ್ತಾವ."

ಅವನು ನಾಲ್ಕು ದಶಕ ಮೀರಿ ಹೇಳಿರಲಿಲ್ಲ. ಇದನ್ನು ಕೇಳಿದ ಇನ್ನೊಬ್ಬ, "ನನಗೂ ಹಂಗ ಅಂದಿದ್ರು" ಎಂದ. ಮತ್ತೊಬ್ಬರೂ ಹಾಗೆಯೇ ಅಂದರು. ಆ ಮನುಷ್ಯ ತನ್ನ ಅಂತಃಕರಣವನ್ನು ಬರಲಿನ ಕಾವಲಿನಲ್ಲಿ ಇಟ್ಟಿದ್ದ. ಪ್ರತಿಯೊಬ್ಬರೂ ಅದು ತಮಗೊಬ್ಬರಿಗೇ ಸಿಕ್ಕಿತೆಂದು ತಿಳಿದು, ಅಂಜಿ ಸುಮ್ಮನಿದ್ದರು.

ನರ್ಸ್ ಆಗಿ ನಿವೃತ್ತಳಾದ ಗೆಳತಿ ಹೇಳಿದ್ದು ಬೇರೆಯೇ ಬಗೆಯದು. ಅವಳಿಗೆ ಉಗ್ಗು ಇತ್ತು. ಒಬ್ಬೊಬ್ಬರಾಗಿ ಎದ್ದು ನಿಂತು ಮಗ್ಗಿ ಹೇಳುವ ಪದ್ಧತಿಯನ್ನು ಮಾಸ್ತರರು ಒಂಬತ್ತನೆಯ ತರಗತಿಯ ನಡುವೆ ಥಟ್ಟನೆ ನಿಲ್ಲಿಸಿ, ಎಲ್ಲರೂ ಒಂದೇ ದನಿಯಲ್ಲಿ ಹೇಳಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಸಣ್ಣ ಮಕ್ಕಳಂತೆ ಒದರುವುದು ನಮಗೆ ಅವಮಾನವೆನಿಸಿತ್ತು. ಗುಂಪಿನಲ್ಲಿ ದನಿಗೂಡಿಸುವಾಗ ಉಗ್ಗುವವರ ಮಾತು ಬಹುಮಟ್ಟಿಗೆ ಸರಾಗವಾಗುತ್ತದೆಂದು ವಾಕ್‌ ತಜ್ಞರು ಹೇಳುತ್ತಾರೆ. ಮಾಸ್ತರರಿಗೆ ಅದು ಹೇಗೆ ತಿಳಿದಿತ್ತೋ! ದಿನಕ್ಕೊಮ್ಮೆ ತನ್ನ ಬಾಯಿಂದ ತಡೆಯಿಲ್ಲದೆ ಹೊರಬರುತ್ತಿದ್ದ ಮಾತೆಂದರೆ ಆ ದೀಡಕಿ ಮಗ್ಗಿ ಒಂದೇ ಎಂದು ಅವಳು, ಈಗಲೂ ಅಲ್ಲಲ್ಲಿ ತಡವರಿಸುತ್ತ, ಹೇಳಿದಳು.

ಬರಲನ್ನು ನಾನು ಸಮರ್ಥಿಸುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅಂಥ ಕಾನೂನು ನಮ್ಮ ಕಾಲಕ್ಕೇ ಬಂದಿದ್ದರೆ ಒಬ್ಬನಾದರೂ ಶಾಲೆಯಲ್ಲಿ ಉಳಿಯುತ್ತಿದ್ದ. ಅವನೂ ಅಂದು ಬಂದಿದ್ದ. ಒಂಬತ್ತನೆಯ ತರಗತಿಯಲ್ಲಿ ಏಟಿಗೆ ಹೆದರಿ ಶಾಲೆ ಬಿಟ್ಟವನು. ನಮ್ಮ ನಗುವೆಲ್ಲ ಮುಗಿದ ಮೇಲೆ, "ನನ್ನ ಪಾಲಿಗೆ ಏಟಷ್ಟ ಬಂದ್ವು ನೋಡ್ರಿ" ಎಂದ. ಯಾರೂ ಮಾತನಾಡಲಿಲ್ಲ. ನನ್ನಲ್ಲಿಯೂ ಒಂದು ಕಥೆ ಇತ್ತು. ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

ಸಂಜೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬಂದವನೂ ಅವನೇ. "ನೀ ಏನೂ ಹೇಳಲಿಲ್ಲಲ್ಲೋ?" ಎಂದು ಕೇಳಿದ. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯ ಬೆಳಿಗ್ಗೆ ಮಾಸ್ತರರು ತಮ್ಮ ಕೈಗಡಿಯಾರವನ್ನು ಬಿಚ್ಚಿ ನನ್ನ ಮುಂಗೈಗೆ ಕಟ್ಟಿದ್ದನ್ನು, ಅದು ಸಡಿಲವಾಗಿ ಮೊಣಕೈವರೆಗೆ ಜಾರುತ್ತಿದ್ದುದನ್ನು ಹೇಳಿದೆ. ಅವನು ಬಹಳ ಹೊತ್ತು ರಸ್ತೆಯ ಕಡೆ ನೋಡುತ್ತ ನಿಂತ. ಆಮೇಲೆ, "ದೀಡಕಿ ನೆನಪೈತೇನು ನಿನಗ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ತಾನೇ ಮೆಲ್ಲನೆ ಶುರು ಮಾಡಿದ: "ಒಂದ ದೀಡ್ಲೆ ದೀಡ, ಎರಡ ದೀಡ್ಲೆ ಮೂರು, ಮೂರ ದೀಡ್ಲೆ ನಾಕೂವರಿ…" ಬಸ್ಸು ಬರುವ ತನಕ ಇಬ್ಬರೂ ಒಂದೇ ದನಿಯಲ್ಲಿ ಹೇಳಿದೆವು.

ನಮಸ್ಕಾರ.