ಸೆನ್ಸರ್ ಮುಂದೆ ಗಾಜು ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಮೂಲೆ ಸೇರಿರುವ ಹಳೆಯ ಡಿಜಿಟಲ್ ಕ್ಯಾಮೆರಾದಿಂದ ಕಾಡುಪ್ರಾಣಿಗಳ ಚಿತ್ರ ತೆಗೆಯುವ ಪೆಟ್ಟಿಗೆಯನ್ನು ನಾವೇ ಮಾಡಿಕೊಳ್ಳುವುದು ಹೇಗೆ, ಅದನ್ನು ಹೇಳಲು ನನ್ನನ್ನು ಕರೆದಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಮೆಗಾಪಿಕ್ಸೆಲ್ ಇರಬೇಕು? ದಯವಿಟ್ಟು ಆ ಪ್ರಶ್ನೆಯನ್ನು ಇವತ್ತಿನ ಮಟ್ಟಿಗೆ ಪಕ್ಕಕ್ಕಿಡಿ. ಚಿತ್ರ ತೆಗೆಯುವುದು ಕ್ಯಾಮೆರಾ, ಸರಿ. ಆದರೆ ‘ಈಗ ತೆಗೆ’ ಎಂದು ಅದಕ್ಕೆ ಹೇಳುವುದು ಪಕ್ಕದಲ್ಲಿ ಕುಳಿತಿರುವ, ಅಂಗಿಯ ಗುಂಡಿಯಷ್ಟೇ ಇರುವ ಒಂದು ಸೆನ್ಸರ್. ಆ ಸೆನ್ಸರ್ ಪ್ರಾಣಿಯನ್ನು ನೋಡುವುದಿಲ್ಲ. ಅದಕ್ಕೆ ತಿಳಿಯುವುದು ಶಾಖ, ಶಾಖದ ಚಲನೆ, ಅಷ್ಟೆ. ಇದೊಂದನ್ನು ನೆನಪಿಟ್ಟುಕೊಂಡರೆ ನನ್ನ ಅರ್ಧ ಕೆಲಸ ಮುಗಿಯಿತು.

ಪ್ರಾಣಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡುವ ಉಪಾಯ ಹೊಸದಲ್ಲ. ಅಮೆರಿಕದ ಜಾರ್ಜ್ ಶಿರಾಸ್ ಎಂಬ ವಕೀಲರು ನೂರು ವರ್ಷಗಳಿಗೂ ಹಿಂದೆ ಕಾಡಿನ ದಾರಿಗೆ ಅಡ್ಡವಾಗಿ ದಾರ ಕಟ್ಟುತ್ತಿದ್ದರು. ಜಿಂಕೆಯ ಕಾಲು ದಾರಕ್ಕೆ ತಗುಲಿದರೆ ಮದ್ದಿನ ಪುಡಿ ಭಗ್ಗೆಂದು ಹೊತ್ತಿ ಬೆಳಕಾಗುತ್ತಿತ್ತು, ಚಿತ್ರ ಮೂಡುತ್ತಿತ್ತು. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಒಂದೇ ಸಂಚಿಕೆಯಲ್ಲಿ ಅಚ್ಚುಹಾಕಿತು. ಅವರ ದಾರಕ್ಕೆ ಕಾಲು ತಾಗಬೇಕಿತ್ತು. ನಮ್ಮ ಸೆನ್ಸರಿಗೆ ಮೈಶಾಖ ತಾಗಬೇಕು.

ನನ್ನ ಮೊದಲ ಪೆಟ್ಟಿಗೆಯ ಕಥೆ ಹೇಳುತ್ತೇನೆ. ಮಳೆಗೆ ಜಗ್ಗದ ಪೆಟ್ಟಿಗೆ ಮಾಡಬೇಕೆಂಬ ಹಟದಲ್ಲಿ ಮುಚ್ಚಳಕ್ಕೆ ಒಂದು ಅಗಲವಾದ ಗಾಜು ಕೂರಿಸಿದೆ. ಅಂಚಿಗೆಲ್ಲ ಸಿಲಿಕೋನ್ ಅಂಟು ಬಳಿದೆ. ಕ್ಯಾಮೆರಾ, ಸೆನ್ಸರ್ ಎರಡೂ ಆ ಗಾಜಿನ ಹಿಂದೆ. ನೀರಲ್ಲಿ ಮುಳುಗಿಸಿ ನೋಡಿದೆ, ಒಂದು ಹನಿ ಒಳಗೆ ಬರಲಿಲ್ಲ. ಕೊಳದ ದಡದಲ್ಲಿ ಮರಕ್ಕೆ ಕಟ್ಟಿ ಬಂದೆ. ವಾರ ಬಿಟ್ಟು ಹೋದರೆ ಒಂದೂ ಚಿತ್ರವಿಲ್ಲ. ಬ್ಯಾಟರಿಯ ಮೇಲೆ ಅನುಮಾನ, ಬದಲಾಯಿಸಿದೆ. ಎರಡನೆಯ ವಾರವೂ ಇಲ್ಲ. ಬೆಸುಗೆ ಬಿಟ್ಟಿರಬೇಕೆಂದು ಶಟರ್ ಗುಂಡಿಯ ತಂತಿಗಳನ್ನು ಬಿಚ್ಚಿ ಮತ್ತೆ ಬೆಸೆದೆ. ಮೂರನೆಯ ವಾರ ಹೋದಾಗ ಪೆಟ್ಟಿಗೆಯ ಮೈಗೆಲ್ಲ ಕೆಸರು ಮೆತ್ತಿತ್ತು, ಕೆಸರಿನಲ್ಲಿ ಒರಟಾದ ಕಪ್ಪು ಕೂದಲು ಅಂಟಿತ್ತು. ಕಾಡುಹಂದಿ ಬಂದು ನನ್ನ ಪೆಟ್ಟಿಗೆಗೇ ಮೈ ಉಜ್ಜಿಕೊಂಡು ಹೋಗಿದೆ! ಚಿತ್ರ ಮಾತ್ರ ಸೊನ್ನೆ. ಸಿಟ್ಟಿನಿಂದ ಅಲ್ಲೇ ಮುಚ್ಚಳ ತೆಗೆದೆ. ಟಕ್ ಎಂದಿತು. ಮೂರು ವಾರಗಳ ದುಡಿಮೆಗೆ ಸಿಕ್ಕಿದ ಮೊದಲ ಚಿತ್ರ ನನ್ನ ಮೂಗಿನ ಹೊಳ್ಳೆಗಳದ್ದು. ಮುಚ್ಚಳ ಹಾಕಿ ಕೈ ಬೀಸಿದೆ, ಸದ್ದಿಲ್ಲ. ತೆಗೆದು ಬೀಸಿದೆ, ಟಕ್. ಹೀಗೆ ಏಳೆಂಟು ಸಲ ಮಾಡಿದ ಮೇಲೆ ಬುದ್ಧಿ ಬಂತು.

ನಮ್ಮ ಕಣ್ಣಿಗೆ ಕಾಣುವ ಬೆಳಕು ಗಾಜನ್ನು ದಾಟುತ್ತದೆ. ಮೈಶಾಖದ ಕಿರಣ ದಾಟುವುದಿಲ್ಲ. ಅದರ ಅಲೆಯುದ್ದ ಹೆಚ್ಚುಕಡಿಮೆ 10 ಮೈಕ್ರೋಮೀಟರ್. ಅದಕ್ಕೆ ಗಾಜು ಎಂದರೆ ಗೋಡೆ. ಅದಕ್ಕೇ ಸೆನ್ಸರ್ ಮೇಲಿನ ಬಿಳಿ ಗುಮ್ಮಟವನ್ನು ಪಾಲಿಥೀನ್‌ನಿಂದ ಮಾಡಿರುತ್ತಾರೆ. ಕ್ಯಾಮೆರಾ ಮುಂದೆ ಗಾಜಿರಲಿ. ಸೆನ್ಸರಿಗೆ ಬೇರೆಯದೇ ತೂತು ಕೊರೆದು, ಆ ಗುಮ್ಮಟವನ್ನು ಹೊರಗೆ ಕಾಣುವಂತೆ ಕೂರಿಸಿ, ಸುತ್ತ ಅಂಟು ಹಚ್ಚಿ. ಸೆನ್ಸರ್ ಮುಂದೆ ಗಾಜು ಬೇಡ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಕಥೆಯಲ್ಲೇ ಹೊತ್ತು ಹೋಯಿತು, ಸ್ಟುಡಿಯೋದ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. (ಆ ಗಾಜಿನಲ್ಲಿ ಗಡಿಯಾರ ಚೆನ್ನಾಗಿಯೇ ಕಾಣುತ್ತದೆ.) ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ; ಬಹುಪಾಲು ಶಾಖದ ಮಾತೇ. ಸೆನ್ಸರಿನೊಳಗೆ ಎರಡು ಭಾಗಗಳಿವೆ. ಶಾಖ ಒಂದರಿಂದ ಇನ್ನೊಂದಕ್ಕೆ ಸರಿದಾಗ ಅದು ಎಚ್ಚರಗೊಳ್ಳುತ್ತದೆ. ಆದ್ದರಿಂದ ಪ್ರಾಣಿ ಎದುರಿನಿಂದ ನೇರವಾಗಿ ಬರುವಂತೆ ಇಡಬೇಡಿ, ಅಡ್ಡ ಹಾಯುವಂತೆ ಇಡಿ. ಮುಂದಿನ ಹುಲ್ಲು ಸವರಿ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ತೂಗಿದರೆ ಸೆನ್ಸರ್ ಅದನ್ನೂ ಪ್ರಾಣಿಯೆಂದೇ ತಿಳಿಯುತ್ತದೆ, ಕಾರ್ಡಿನ ತುಂಬ ಹುಲ್ಲಿನ ಚಿತ್ರಗಳೇ ಇರುತ್ತವೆ. ಉದಯಾಸ್ತಗಳ ಸೂರ್ಯನಿಗೆ ಮುಖ ಮಾಡಬೇಡಿ. ಹಳೆಯ ಕ್ಯಾಮೆರಾ ನಿದ್ದೆಯಿಂದ ಏಳಲು ಎರಡು ಮೂರು ಸೆಕೆಂಡ್ ಬೇಕು, ಅಷ್ಟರಲ್ಲಿ ನರಿ ಹೋಗಿ ಬಾಲ ಉಳಿದಿರುತ್ತದೆ; ಪ್ರಾಣಿ ನಿಂತು ನೀರು ಕುಡಿಯುವ, ಮೂಸುವ ಜಾಗ ಹುಡುಕಿ. ರಾತ್ರಿಗೆ ಅತಿಗೆಂಪು (ಇನ್‌ಫ್ರಾರೆಡ್) ದೀಪವಾದರೆ 850 ನ್ಯಾನೋಮೀಟರ್ ಅಲೆಯುದ್ದದ್ದು ದೂರ ಬೆಳಗುತ್ತದೆ, ಆದರೆ ಮಂದ ಕೆಂಪಾಗಿ ಕಾಣುತ್ತದೆ. 940ರದು ಕಾಣುವುದಿಲ್ಲ, ಅಷ್ಟು ದೂರವೂ ಹೋಗುವುದಿಲ್ಲ.

ಒಂದು ಎಚ್ಚರಿಕೆ, ಇದನ್ನು ಬಿಡುವಂತಿಲ್ಲ. ಫ್ಲಾಷ್ ಇರುವ ಕ್ಯಾಮೆರಾ ಬಿಚ್ಚುವಾಗ ಒಳಗಿನ ಕೆಪಾಸಿಟರಿನಲ್ಲಿ, ಅಂದರೆ ಫ್ಲಾಷಿಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗದಲ್ಲಿ, ಸುಮಾರು 300 ವೋಲ್ಟ್ ಇರಬಹುದು. ಬ್ಯಾಟರಿ ತೆಗೆದ ಮೇಲೂ ಅದು ಇರುತ್ತದೆ. ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಲು ಬಾರದವರು ಬಲ್ಲವರ ಕೈಗೆ ಕೊಡಿ.

ಪೆಟ್ಟಿಗೆಯನ್ನು ಕಾಡಿನಂಚಿಗೆ ಒಯ್ಯುವ ಮೊದಲು ಅಂಗಳದಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿ ಪರೀಕ್ಷಿಸಿ. ನಡೆದು ನೋಡಿದರೆ ಸಾಲದು. ನರಿ ನಿಮ್ಮಷ್ಟು ಎತ್ತರವಿಲ್ಲ. ಅಂಬೆಗಾಲಿಟ್ಟು ಅದರ ಮುಂದೆ ಅಡ್ಡ ಹಾಯಿರಿ. ನೋಡಿದವರು ನಗುತ್ತಾರೆ, ನಗಲಿ. ನಾನು ಅಂಬೆಗಾಲಿಡುತ್ತಿರುವ ಚಿತ್ರಗಳು ನನ್ನ ಬಳಿ ನಲವತ್ತಕ್ಕೂ ಹೆಚ್ಚಿವೆ. ನಮಸ್ಕಾರ.