ಟ್ರಿಪಲ್ ಕ್ರೌನ್ ಗೆಲ್ಲುವುದು ಏಕೆ ಇಷ್ಟು ಕಷ್ಟ?

ನಮಸ್ಕಾರ. ಕಂಬಳದ ಕುರಿತ ನಮ್ಮ ಹಿಂದಿನ ವಿಡಿಯೋ ನೋಡಿದ ಕಟಪಾಡಿಯ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ವಾರದಿಂದಲೂ ನನ್ನ ತಲೆಯಲ್ಲಿ ಸುತ್ತುತ್ತಿದೆ: "ನಮ್ಮ ಕೋಣಗಳು ವಾರ ಬಿಟ್ಟು ವಾರ ಕರೆಗೆ, ಅಂದರೆ ಕೆಸರಿನ ಓಟದ ಕಣಕ್ಕೆ, ಇಳಿಯುತ್ತವೆ, ಒಂದೇ ರಾತ್ರಿಯಲ್ಲಿ ಸೆಮಿಫೈನಲ್, ಫೈನಲ್ ಎರಡನ್ನೂ ಓಡುತ್ತವೆ, ಹಾಗಿರುವಾಗ ಅಮೆರಿಕದ ಕುದುರೆಯೊಂದು ಐದು ವಾರಗಳಲ್ಲಿ ಮೂರು ಓಟ ಗೆದ್ದರೆ ಅದೇನು ಅಷ್ಟು ದೊಡ್ಡ ಸಂಗತಿ?"

ಮೊದಲು ಓಟಗಳ ಪರಿಚಯ ಮುಗಿಸೋಣ. ಮೇ ತಿಂಗಳ ಮೊದಲ ಶನಿವಾರ ಲೂಯಿವಿಲ್‌ನಲ್ಲಿ ಸುಮಾರು 2,000 ಮೀಟರಿನ ಕೆಂಟಕಿ ಡರ್ಬಿ, ಎರಡು ವಾರಗಳ ಬಳಿಕ ಬಾಲ್ಟಿಮೋರ್‌ನಲ್ಲಿ ಸುಮಾರು 1,900 ಮೀಟರಿನ ಪ್ರೀಕ್‌ನೆಸ್, ಮತ್ತೆ ಮೂರು ವಾರ ಕಳೆದು ನ್ಯೂಯಾರ್ಕ್‌ನಲ್ಲಿ 2,400 ಮೀಟರಿನ ಬೆಲ್ಮಾಂಟ್: ಇದು ರೂಢಿಯ ಕ್ರಮ. ಮೂರು ವರ್ಷದ ಕುದುರೆಗಳಿಗೆ ಮಾತ್ರ ಪ್ರವೇಶವಿರುವುದರಿಂದ ಪ್ರತಿ ಕುದುರೆಗೂ ಜೀವಮಾನದಲ್ಲಿ ಒಂದೇ ಅವಕಾಶ. ಒಂದೇ ವರ್ಷ ಈ ಮೂರನ್ನೂ ಗೆಲ್ಲುವುದೇ ಟ್ರಿಪಲ್ ಕ್ರೌನ್. 1919ರ ಸರ್ ಬಾರ್ಟನ್‌ನಿಂದ 2018ರ ಜಸ್ಟಿಫೈವರೆಗೆ ಅದನ್ನು ಗೆದ್ದ ಕುದುರೆಗಳು 13 ಮಾತ್ರ. 1978ರ ನಂತರ 2015ರವರೆಗೆ, 37 ವರ್ಷ, ಒಂದೂ ಗೆಲ್ಲಲಿಲ್ಲ.

ವೀಕ್ಷಕರ ಪ್ರಶ್ನೆಗೆ ಉತ್ತರ ಓಟದ ದೂರದಲ್ಲಿದೆ. 2020ರಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದ್ದು ನಮಗೆಲ್ಲ ನೆನಪಿದೆ. ಬೆಲ್ಮಾಂಟ್‌ನ ದೂರ ಅದರ ಸುಮಾರು ಹದಿನೇಳು ಪಟ್ಟು. ಕಂಬಳವು ಒಂದೇ ಉಸಿರಿನ ರಭಸವಾದರೆ, ಅಲ್ಲಿ ಎರಡೂವರೆ ನಿಮಿಷ ಹೃದಯ ಮತ್ತು ಶ್ವಾಸಕೋಶಗಳೇ ಓಟವನ್ನು ನಿರ್ಧರಿಸುತ್ತವೆ. ಕುದುರೆ ಬಾಯಿಯಿಂದ ಉಸಿರಾಡಲಾರದು. ನಾಗಾಲೋಟದಲ್ಲಿ ಅದರ ಪ್ರತಿ ಹೆಜ್ಜೆಯ ಸುತ್ತಿಗೂ ಒಂದೇ ಉಸಿರು. ಎರಡು ಕಠಿಣ ಓಟಗಳ ದಣಿವನ್ನು ಹೊತ್ತು ಬಂದ ಕುದುರೆಗೆ ಬೆಲ್ಮಾಂಟ್‌ನಲ್ಲಿ ಎದುರಾಗುವುದು ಡರ್ಬಿಯ ನಂತರ ಲಾಯದಲ್ಲೇ ವಿಶ್ರಮಿಸಿದ ಎದುರಾಳಿ.

ಇಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆಯ ವಿಚಾರ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1973ರ ಡರ್ಬಿಯಲ್ಲಿ ಅದು ಪ್ರತಿ ಕಾಲು ಮೈಲಿಯನ್ನೂ ಹಿಂದಿನದಕ್ಕಿಂತ ಬೇಗ ಓಡಿತು. ಅಂದರೆ, ಉಳಿದವು ದಣಿಯುವ ಹೊತ್ತಿಗೆ ಇದರ ವೇಗ ಹೆಚ್ಚುತ್ತಲೇ ಇತ್ತು. ಬೆಲ್ಮಾಂಟ್‌ನಲ್ಲಿ ಮೊದಲ ಅರ್ಧದವರೆಗೆ ಶ್ಯಾಮ್ ಎಂಬ ಕುದುರೆ ಅದಕ್ಕೆ ಜೊತೆಯಾಗಿ ಓಡಿ, ಕೊನೆಗೆ ಐದರಲ್ಲಿ ಐದನೆಯದಾಯಿತು. ಸೆಕ್ರೆಟೇರಿಯಟ್ ಗೆದ್ದದ್ದು 31 ಲೆಂತ್ ಅಂತರದಿಂದ, 2 ನಿಮಿಷ 24 ಸೆಕೆಂಡುಗಳಲ್ಲಿ. ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ, ಸುಮಾರು 2.4 ಮೀಟರ್. ಲೆಕ್ಕ ಹಾಕಿ: ಸುಮಾರು 75 ಮೀಟರ್. ಜೋಡುಕರೆಯ (ಅಕ್ಕಪಕ್ಕದ ಎರಡು ಕರೆಗಳ) ಒಂದು ಬದಿಯ ಕೋಣಗಳು ಓಟ ಮುಗಿಯುವ ಮಂಜೊಟ್ಟಿ ಮುಟ್ಟಿ ನೀರು ಚಿಮ್ಮಿಸುತ್ತಾ ನಿಂತಾಗ ಇನ್ನೊಂದು ಬದಿಯ ಜೋಡಿ ಕರೆಯ ನಡುವಿನಲ್ಲೇ ಇದ್ದರೆ ಎಷ್ಟೋ, ಅಷ್ಟು. 1989ರಲ್ಲಿ ಅದು ಸತ್ತಾಗ ಪರೀಕ್ಷಿಸಿದ ಪಶುವೈದ್ಯರು ಅದರ ಹೃದಯವನ್ನು ತೂಗದೆ, ಸುಮಾರು ಹತ್ತು ಕಿಲೋ ಎಂದು ಅಂದಾಜಿಸಿದರು. ಸಾಮಾನ್ಯ ರೇಸ್ ಕುದುರೆಗೆ ನಾಲ್ಕು ಕಿಲೋ ಆಸುಪಾಸು. ಬೆಲ್ಮಾಂಟ್‌ನ ಆ ದಾಖಲೆ ಇಂದಿಗೂ ಉಳಿದಿದೆ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಡರ್ಬಿಯಲ್ಲಿ ಇಪ್ಪತ್ತರವರೆಗೆ ಕುದುರೆಗಳು ಒಮ್ಮೆಗೇ ನುಗ್ಗುವುದರಿಂದ ದಾರಿ ಸಿಗುವುದೇ ಕಷ್ಟ. ಸಮಬಲದ ಎದುರಾಳಿಯೂ ಇರಬಹುದು. 1978ರಲ್ಲಿ ಅಫರ್ಮ್ಡ್ ಮೂರನ್ನೂ ಗೆದ್ದಾಗ ಮೂರರಲ್ಲೂ ಎರಡನೆಯದಾದದ್ದು ಒಂದೇ ಕುದುರೆ, ಆಲಿಡಾರ್. ಬೆಲ್ಮಾಂಟ್‌ನಲ್ಲಿ ಅಂತರ ಒಂದು ತಲೆಯಷ್ಟು. 2025ರಲ್ಲಿ ಡರ್ಬಿ ಗೆದ್ದ ಸಾವರಿಂಟಿಯನ್ನು ಪ್ರೀಕ್‌ನೆಸ್‌ಗೆ ಕಳುಹಿಸದೆ ವಿಶ್ರಾಂತಿ ಕೊಟ್ಟರು. ಆ ವರ್ಷ ಸಾರಟೋಗಾದಲ್ಲಿ 2,000 ಮೀಟರಿಗೆ ನಡೆದ ಬೆಲ್ಮಾಂಟ್ ಅನ್ನು ಅದು ಗೆದ್ದಿತು. ಕಿರೀಟವನ್ನೇ ಬಿಟ್ಟುಕೊಟ್ಟ ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಕೋಣದ ಕಾಲು ತುಸು ನೊಂದಿದ್ದರೂ ಆ ವಾರದ ಕಂಬಳ ಬಿಡುವ ಯಜಮಾನರು ನಮ್ಮಲ್ಲೂ ಇದ್ದಾರೆ.